ಒಗೆಯದ ಸೀರೆ

ಅಂಕಮ್ಮ ಬಿಸಿ ಮುದ್ದೆಯಿಂದ ಅಡಿಕೆಯಷ್ಟು ಮುರಿದು, ಹೆಬ್ಬೆರಳಲ್ಲಿ ಗುಳಿ ಮಾಡಿ, ಒಳಗೆ ಅರ್ಧ ಮಾತ್ರೆ ಕೂರಿಸಿ, ಬಾಯಿ ಮುಚ್ಚಿ ಉಂಡೆ ಕಟ್ಟುತ್ತಿದ್ದಳು. ಮಾತ್ರೆ ಇರುವ ಉಂಡೆ ಒಂದಾದರೆ ಇಲ್ಲದವು ಎರಡೋ ಮೂರೋ. ಮೊದಲು ಬರೀ ಮುದ್ದೆಯದನ್ನು ಕೊಟ್ಟು ನಂಬಿಸಬೇಕು. ಆಮೇಲೆ ಮಾತ್ರೆಯದು. ಅದು ಇನ್ನೂ ಬಾಯಲ್ಲಿರುವಾಗಲೇ ಮತ್ತೊಂದನ್ನು ಮೂಗಿನ ಮುಂದೆ ಹಿಡಿಯಬೇಕು. ಎಂಥ ಕಿಲಾಡಿ ನಾಯಿಯಾದರೂ ಮುಂದಿನದರ ಆಸೆಗೆ ಇದ್ದದ್ದನ್ನು ಗಬಕ್ಕನೆ ನುಂಗಿಬಿಡುತ್ತದೆ.

"ಅಂಕಮ್ಮಕ್ಕ, ನಂಗೂ ಒಂದ್ ಉಂಡೆ ಕೊಡಿ. ಬೆಳಗ್ಗೆಯಿಂದ ಕಾಫೀನೂ ಇಲ್ಲ," ಅಂದ ಕಾಂಪೌಂಡರ್ ಭೀಮೇಶ್, ಹತ್ತಿ ಕತ್ತರಿಸುತ್ತಾ.

"ಮಾತ್ರೆ ಇರೋದಾ, ಇಲ್ದಿರೋದಾ?"

"ಎಂಥದಕ್ಕೆ ಮಾತ್ರೆ?"

"ಜಂತುಹುಳಕ್ಕೆ."

"ಹಂಗಾದ್ರೆ ಇರೋದೇ ಕೊಡಿ. ತಿಂದಿದ್ದೆಲ್ಲ ಎಲ್ಲಿಗೋ ಹೋಯ್ತು ಅಂತ ನಮ್ಮಮ್ಮ ದಿನಾ ಬೈತಾಳೆ."

ಹನುಮಂತನಗರದ ಏರು ರಸ್ತೆಯೊಂದರಲ್ಲಿ ಹಳೇ ಮನೆಯ ಕೆಳಭಾಗವೇ ಡಾಕ್ಟರ್ ವನಿತಾ ಅವರ ಪ್ರಾಣಿಗಳ ಕ್ಲಿನಿಕ್ಕು. ಮುಂದಿನ ಹಾಲಿನಲ್ಲಿ ಬಂದವರು ಕಾಯುವ ಬೆಂಚು, ನಡುಮನೆಯಲ್ಲಿ ಪರೀಕ್ಷೆ ಮಾಡುವ ಮೇಜು, ಹಿಂದೆ ಮೊದಲು ಅಡುಗೆಮನೆ ಇದ್ದ ಕಡೆ ಸಾಲಾಗಿ ಗೂಡುಗಳು. ಆಪರೇಷನ್ ಆದವು, ಡ್ರಿಪ್ ಹಾಕಿಸಿಕೊಂಡವು, ಪಟ್ಟಿ ಕಟ್ಟಿಸಿಕೊಂಡವು ಈ ಗೂಡುಗಳಲ್ಲಿ ಚೇತರಿಸಿಕೊಳ್ಳುತ್ತವೆ. ಸೂಜಿ, ಔಷಧಿ, ಗಾಯ ತೊಳೆಯುವುದು ಭೀಮೇಶನ ಕೆಲಸ. ಊಟ, ಹಾಸಿಗೆ, ಉಚ್ಚೆ, ಕಕ್ಕ, ಸಮಾಧಾನ ಅಂಕಮ್ಮನ ಕೆಲಸ.

ಆ ವಾರ ಮೇಲಿನ ಗೂಡಿನಲ್ಲಿ ಬಿಟಿಎಂ ಲೇಔಟಿನ ಬಿಳಿ ಪರ್ಷಿಯನ್ ಬೆಕ್ಕು. ಉಚ್ಚೆ ಕಟ್ಟಿ ಬಂದದ್ದು, ಈಗ ಸಲೀಸಾಗಿದೆ, ಆದರೆ ಅಂಕಮ್ಮನನ್ನು ಕಂಡರೆ ಸಾಲ ಕೇಳಲು ಬಂದವಳನ್ನು ನೋಡುವ ಹಾಗೆ ನೋಡುತ್ತದೆ. ಪಕ್ಕದಲ್ಲಿ ಮನೆಯವರ ಕಾಲುಚೀಲ ನುಂಗಿ ಹೊಟ್ಟೆ ಕೊಯ್ಯಿಸಿಕೊಂಡ ಬೀಗಲ್. ಕಿಟಕಿಯ ಹತ್ತಿರ ಬುಟ್ಟಿಯಲ್ಲಿ, ಅಂಗಾಲು ಬಾತು ಬಂದ ಸುಬ್ರಹ್ಮಣ್ಯಪುರದ ಮುನಿಯಣ್ಣನ ಹುಂಜ. ಹುಂಜ ಕೂಗಿದರೆ ಬೀಗಲ್ ಊಳಿಡುತ್ತದೆ, ಬೀಗಲ್ ಊಳಿಟ್ಟರೆ ಬೆಕ್ಕು ತಟ್ಟೆ ಉರುಳಿಸುತ್ತದೆ. ಮುನಿಯಣ್ಣ ದಿನಾ ಸಂಜೆ ಬಂದು ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು, "ಬೇಗ ಉಸಾರಾಗೋ ಗುರು, ನೀನಿಲ್ದೆ ಕೋಳಿಗಳು ನನ್ ಮಾತೇ ಕೇಳ್ತಿಲ್ಲ," ಅಂತ ಹೇಳಿ ಹೋಗುತ್ತಾನೆ.

ಕೆಳಗೆ ಮೂಲೆಯಲ್ಲಿ, ಎಲ್ಲಕ್ಕಿಂತ ದೊಡ್ಡ ಗೂಡಿನಲ್ಲಿ, ಚಕ್ಲಿ. ಬೆಲ್ಲದ ಬಣ್ಣದ ಬೀದಿತಳಿಯ ಗಂಡುನಾಯಿ. ಬಾಲ ಬೆನ್ನಿನ ಮೇಲೆ ಸುರುಳಿ ಸುತ್ತಿಕೊಂಡದ್ದಕ್ಕೆ ಆ ಹೆಸರು. ಅವನಿಗೆ ಮೋಸದ ಉಂಡೆ ಬೇಕಾಗಿಲ್ಲ. ಅಂಕಮ್ಮ ಅಂಗೈಯಲ್ಲಿ ಬರೀ ಮಾತ್ರೆ ಇಟ್ಟು ಚಾಚಿದರೂ ನೆಕ್ಕಿಕೊಂಡು ನುಂಗಿ, ಆಮೇಲೆ ಇನ್ನೇನಾದರೂ ಇದೆಯಾ ಅಂತ ಮುಖ ನೋಡುತ್ತಾನೆ.

ಹೊರಗೆ ಸ್ಕೂಟರ್ ನಿಂತ ಸದ್ದಾಯಿತು. ಡಾಕ್ಟರ್ ವನಿತಾ ಹೆಲ್ಮೆಟ್ ತೆಗೆಯುತ್ತಲೇ ಒಳಗೆ ಬಂದರು.

"ಚಕ್ಲಿ ಏನಂತಾನೆ ಅಂಕಮ್ಮ? ಕಾಲೆತ್ತಿದ್ನಾ?"

"ಇಲ್ಲ ಮೇಡಂ. ಇನ್ನೂ ಹೆಣ್ ನಾಯಿ ಥರಾನೇ ಕೂತ್ಕೊಂಡ್ ಮಾಡ್ತವ್ನೆ."

ಅದು ಸುಳ್ಳು. ಸುಳ್ಳು ಹೇಳಿ ಅಂಕಮ್ಮ ಮುದ್ದೆಯ ಪಾತ್ರೆ ತೊಳೆಯಲು ಹಿತ್ತಲಿಗೆ ಹೋದಳು. ಅಲ್ಲಿ ನಲ್ಲಿ ಪೂರಾ ತಿರುಗಿಸಿದಳು, ಒಳಗಿನ ಮಾತು ಕೇಳಿಸದಿರಲಿ ಅಂತ.

ಕಾಲೆತ್ತುವ ಮಾತು ತಮಾಷೆಯದಲ್ಲ. ಚಕ್ಲಿಯ ಬಲಗಡೆ ಹಿಂಗಾಲಿನ ತೊಡೆಮೂಳೆ ಎರಡು ತುಂಡಾಗಿತ್ತು. ಡಾಕ್ಟರು ಒಳಗೆ ಸರಳು ಹಾಕಿ ಕೂಡಿಸಿದ್ದರು. ಎಕ್ಸ್‌ರೇಯಲ್ಲಿ ಮೂಳೆ ಕೂಡಿದ್ದು ಕಂಡರೂ ಡಾಕ್ಟರಿಗೆ ಅಷ್ಟು ಸಾಲದು. "ಫಿಲ್ಮ್ ನೋಡಿ ಮನೆಗೆ ಕಳ್ಸಲ್ಲ ನಾನು. ಗಂಡುನಾಯಿ ಮುರಿದ ಕಾಲ ಮೇಲೆ ನಿಂತು, ಚೆನ್ನಾಗಿರೋ ಕಾಲನ್ನ ಎತ್ತಿ ಉಚ್ಚೆ ಹೊಯ್ದ ದಿನ ಡಿಸ್ಚಾರ್ಜು. ಅಲ್ಲಿತನಕ ಅದಕ್ಕೇ ಅದರ ಕಾಲ ಮೇಲೆ ನಂಬಿಕೆ ಬಂದಿಲ್ಲ ಅಂತ ಅರ್ಥ," ಅನ್ನುವುದು ಅವರ ಕ್ರಮ. ಕಾಲು ಮುರಿದು ಬಂದ ಗಂಡುನಾಯಿಗಳನ್ನೆಲ್ಲ ಅವರು ಹಾಗೇ ಮನೆಗೆ ಕಳಿಸಿದ್ದರು. ಅದನ್ನು ನೋಡಿಕೊಂಡು ಹೇಳುವುದು, ಬೆಳಗ್ಗೆ ಅವನ್ನು ಹೊರಗೆ ಕರೆದುಕೊಂಡು ಹೋಗುವ ಅಂಕಮ್ಮನ ಜವಾಬ್ದಾರಿ.

ಚಕ್ಲಿಯ ಒಡತಿ ಗಿರಿಜಾದೇವಿ. ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತಿಯಾದವರು, ಒಂಟಿ, ಕಿವಿ ತೀರಾ ಮಂದ. ಗುಡ್ಡದ ದೇವಸ್ಥಾನದ ಕಡೆ ದಿನಾ ಬೆಳಗ್ಗೆ ಇಬ್ಬರೂ ವಾಕಿಂಗ್ ಹೋಗುತ್ತಿದ್ದರು. ಒಂದು ದಿನ ಇಳಿಜಾರಿನಲ್ಲಿ ಬಂದ ಬೈಕಿನವನೊಬ್ಬ ಇಬ್ಬರನ್ನೂ ಒಟ್ಟಿಗೆ ಕೆಡವಿ ಹೋದ. ನಾಯಿಗೆ ತೊಡೆ ಮುರಿಯಿತು, ಒಡತಿಗೆ ಸೊಂಟ ಮುರಿಯಿತು. ನಾಯಿಯನ್ನು ಯಾರೋ ಆಟೋದಲ್ಲಿ ಇಲ್ಲಿಗೆ ತಂದರು, ಅವರನ್ನು ಆಂಬುಲೆನ್ಸಿನಲ್ಲಿ ಆಸ್ಪತ್ರೆಗೆ ಒಯ್ದರು. ಆಪರೇಷನ್ ಆದ ಮೇಲೆ ನೋಡಿಕೊಳ್ಳುವವರು ಬೇಕಲ್ಲ, ಅಣ್ಣನ ಮಗಳು ಅಂಜನಾ ತನ್ನ ಅತ್ತೆಯನ್ನು ಅರಸೀಕೆರೆಯಲ್ಲಿದ್ದ ಅವರ ತಂಗಿಯ ಮನೆಗೆ ಬಿಡಲು ಹೊರಟಳು. ಹೋಗುವ ದಾರಿಯಲ್ಲಿ ಕಾರು ಕ್ಲಿನಿಕ್ಕಿನ ಮುಂದೆ ನಿಲ್ಲಿಸಿದರು.

ಗಿರಿಜಾದೇವಿ ಇಳಿಯುವ ಹಾಗಿರಲಿಲ್ಲ. ಭೀಮೇಶ್ ಚಕ್ಲಿಯನ್ನು ಮಗುವಿನ ಹಾಗೆ ಎತ್ತಿಕೊಂಡು ಕಾರಿನ ಕಿಟಕಿಗೆ ಹಿಡಿದ. ಅವನು ಅವರ ಕೈ, ಕೆನ್ನೆ, ಕನ್ನಡಕ ಎಲ್ಲ ನೆಕ್ಕಿದ. ಅವರು ಕನ್ನಡಕ ಒರೆಸಿಕೊಳ್ಳದೆಯೇ ಅಂಕಮ್ಮನನ್ನು ಹತ್ತಿರ ಕರೆದರು.

"ಇವನನ್ನ ನೋಡ್ಕೊಳ್ಳೋದು ನೀನೇ ಏನವ್ವಾ? ಓದು ಬರಹ ಬರ್ತದಾ ನಿಂಗೆ?"

"ಬರ್ತದೆ ಅಮ್ಮಾರೆ. ದೊಡ್ಡೋಳಾದ್ಮೇಲೆ ರಾತ್ರಿ ಶಾಲೇಲಿ ಕಲ್ತಿದ್ದು. ಬರೆಯೋದು ನಿಧಾನ," ಅಂತ ಅಂಕಮ್ಮ ಗಟ್ಟಿಯಾಗಿ ಕೂಗಿ ಹೇಳಿದಳು.

"ನಿಧಾನಾನೇ ಆಗ್ಲಿ. ಬೇಗ ಬರೆಯೋರೇ ಸುಳ್ಳು ಬರೆಯೋದು." ಕೈಚೀಲದಿಂದ ಒಂದು ಇನ್‌ಲ್ಯಾಂಡ್ ಪತ್ರ ತೆಗೆದುಕೊಟ್ಟರು. ಮೇಲೆ ಅರಸೀಕೆರೆಯ ವಿಳಾಸವನ್ನು ಬೋರ್ಡಿನ ಮೇಲೆ ಬರೆದ ಹಾಗೆ ದುಂಡಗೆ ಬರೆದಿದ್ದರು. "ಇವನು ಕಾಲೂರಿದ ದಿನ ಇದರಲ್ಲಿ ಬರೆದು ಪೋಸ್ಟಿಗೆ ಹಾಕು. ಸತ್ರೂ ಬರೆದು ಹಾಕು. ಯಾರ ಕೈಲೂ ಕೊಡಬೇಡ. ಪೋಸ್ಟಲ್ಲೇ ಬರ್ಲಿ, ಸೀಲು ಬಿದ್ದು. ಹೋದ ಸಲ ನಮ್ಮ ಹಳೇ ನಾಯಿ ರಾಣಿ ಸತ್ತಾಗ ನಂಗೇ ಜ್ವರ ಇತ್ತು. ಇವರೆಲ್ಲ ಸೇರ್ಕೊಂಡು ಹಳೇ ವಿಡಿಯೋ ತೋರಿಸಿ, ಇಗೋ ಉಂಡ್ಳು, ಇಗೋ ಆಡಿದ್ಳು ಅಂತ ವಾರಗಟ್ಲೆ ನಂಬಿಸಿದ್ರು. ಇನ್ನು ಫೋನಲ್ಲಿ ತೋರಿಸಿದ್ದನ್ನ ನಾನು ನಂಬಲ್ಲ."

ಡ್ರೈವರಿನ ಸೀಟಿನಲ್ಲಿದ್ದ ಅಂಜನಾ, "ಅತ್ತೆ, ನಿಮ್ಮ ಒಳ್ಳೇದಕ್ಕೇ ತಾನೇ..." ಅನ್ನುತ್ತಿದ್ದಳು. ಗಿರಿಜಾದೇವಿಯವರಿಗೆ ಕೇಳಿಸಲಿಲ್ಲವೋ, ಬೇಕೆಂದೇ ಕೇಳಿಸಿಕೊಳ್ಳಲಿಲ್ಲವೋ, ತಮ್ಮ ಮಾತು ಮುಂದುವರಿಸಿದರು.

"ಇನ್ನೊಂದು. ನಮ್ಮನೇಲಿ ಇವನಿಗೆ ಮೊಸರನ್ನ. ಡಾಕ್ಟ್ರಮ್ಮ ಮೂಳೆ ಕೂಡೋಕೆ ಮೊಟ್ಟೆ ಕೊಡಿ ಅಂದ್ರೆ ಕೊಡು, ಬೇಡ ಅನ್ನಲ್ಲ. ಆದ್ರೆ ಅದನ್ನ ನಂಗೆ ಬರೀಬೇಡ."

ಕೊನೆಗೆ ಆಸ್ಪತ್ರೆಯ ಚೀಲದಿಂದ ಒಂದು ಹಳೇ ಹತ್ತಿ ಸೀರೆ ಎಳೆದು, "ಇದನ್ನ ಅವನ ಕೆಳಗೆ ಹಾಸು," ಅಂದರು. ಕಾರು ಹೊರಟಿತು.

ಆಮೇಲಾದದ್ದೇ ಎಡವಟ್ಟು. ಆಸ್ಪತ್ರೆಯ ಹಾಸಿಗೆಯಲ್ಲಿ ಉಟ್ಟ ಸೀರೆ ಅದು. ಹುಟ್ಟಿದಾಗಿನಿಂದ ಕಲಿತ ಶುದ್ಧ ಬಿಡುತ್ತದೆಯೇ, ಆಸ್ಪತ್ರೆಗೆ ಉಟ್ಟುಹೋದದ್ದನ್ನು ನೀರಿಗೆ ಹಾಕದೆ ಹೊಸ್ತಿಲು ದಾಟಿಸುತ್ತಾರೆಯೇ? ಅಂಕಮ್ಮ ಅದನ್ನು ಬಿಸಿನೀರಲ್ಲಿ ನೆನೆಸಿ, ಸೋಪು ಹಚ್ಚಿ, ಡೆಟಾಲಿನ ನೀರಲ್ಲಿ ಅದ್ದಿ, ಹಿತ್ತಲ ತಂತಿಯ ಮೇಲೆ ಬಿಸಿಲಿಗೆ ಹರವಿ, ಗರಿಗರಿಯಾದ ಮೇಲೆ ಮಡಿಸಿ ಚಕ್ಲಿಯ ಕೆಳಗೆ ಹಾಸಿದಳು. ಅಷ್ಟು ಅಕ್ಕರೆಯಿಂದ ತನ್ನ ಸೀರೆಯನ್ನೂ ಎಂದೂ ಒಗೆದವಳಲ್ಲ.

ಚಕ್ಲಿ ಅದನ್ನು ಮೂಸಿದ. ಮುಂಗಾಲಲ್ಲಿ ಕೆದರಿ ಮೂಲೆಗೆ ತಳ್ಳಿದ. ಬರೀ ನೆಲದ ಮೇಲೆ ಮಲಗಿ ಗೋಡೆ ಕಡೆ ಮುಖ ಮಾಡಿದ. ಮೊಸರನ್ನ ಮುಟ್ಟಲಿಲ್ಲ, ಮೊಟ್ಟೆ ಮುಟ್ಟಲಿಲ್ಲ.

"ಆ ಅಮ್ಮನ ಸೀರೆ ಹಾಸಿಲ್ವಾ?" ಅಂತ ಕೇಳಿದರು ಡಾಕ್ಟರು.

"ಹಾಸೀನಿ ಮೇಡಂ. ಚೆನ್ನಾಗ್ ಒಗ್ದು ಹಾಸೀನಿ."

"ಒಗೆದ್ರಾ! ಅಯ್ಯೋ ಅಂಕಮ್ಮ, ಅವರು ಕೊಟ್ಟಿದ್ದು ಸೀರೆ ಅಲ್ಲ, ಅದರಲ್ಲಿರೋ ಅವರ ವಾಸನೆ. ಅದನ್ನೇ ಡ್ರೈನಿಗೆ ಬಿಟ್ರಲ್ಲ!"

ಅಂಕಮ್ಮನಿಗೆ ಮುಖ ಎಲ್ಲಿಟ್ಟುಕೊಳ್ಳುವುದೋ ತಿಳಿಯಲಿಲ್ಲ. ಆ ಹೊತ್ತಿಗೆ ಕಾರು ತುಮಕೂರು ದಾಟಿರಬೇಕು. ಮಧ್ಯಾಹ್ನವೆಲ್ಲ ಗೂಡಿನ ಬಾಗಿಲು ತೆಗೆದುಕೊಂಡು ಅವನ ಪಕ್ಕ ನೆಲದ ಮೇಲೆ ಕೂತಳು. ಸಂಜೆ ಹೊತ್ತಿಗೆ ಅವನು ತೆವಳಿಕೊಂಡು ಬಂದು ಅವಳ ಸೆರಗಿನ ಮೇಲೆ ಗದ್ದ ಇಟ್ಟ. ಮಾರನೇ ದಿನ ಅಂಕಮ್ಮ ತಾನು ಉಟ್ಟು ಬಿಚ್ಚಿದ ಸೀರೆಯನ್ನೇ, ಒಗೆಯದೆ, ಸುತ್ತಿ ತಂದು ಹಾಸಿದಳು. ಅದನ್ನು ಕೆದರಿ, ಸುತ್ತು ಹಾಕಿ, ಮಧ್ಯದಲ್ಲಿ ಗುಳಿ ಮಾಡಿಕೊಂಡು ಚಕ್ಲಿ ಮಲಗಿದ. ಎದ್ದು ಊಟ ಮಾಡಿದ.

ಅಲ್ಲಿಂದಾಚೆಗೆ ಅವನು ಅಂಕಮ್ಮನವನಾದ. ಸುಬ್ರಹ್ಮಣ್ಯಪುರದ ಬಸ್ಸು ಇಳಿದು ತಿರುವಿನಲ್ಲಿ ಅವಳು ಬರುವಾಗಲೇ ಒಳಗಿನಿಂದ ಅವನ ಬಾಲ ಗೂಡಿನ ಸರಳಿಗೆ ಬಡಿಯುವ ಸದ್ದು ಕೇಳುತ್ತದೆ ಅಂತ ಭೀಮೇಶ್ ಹೇಳುತ್ತಿದ್ದ. "ನಿಮ್ ಮಗ ಡೋಲು ಬಾರಿಸ್ತವ್ನೆ ಅಕ್ಕ, ಬೇಗ್ ಬನ್ನಿ!" ಅಂತ ಬಾಗಿಲಲ್ಲಿ ನಿಂತು ಕೂಗುತ್ತಿದ್ದ. ಅಂಕಮ್ಮ, "ಮುಚ್ಚೋ ಬಾಯಿ," ಅನ್ನುತ್ತಾ ಹೆಜ್ಜೆ ಜೋರು ಮಾಡುತ್ತಿದ್ದಳು.

ಎಷ್ಟೋ ಪ್ರಾಣಿಗಳು ಅವಳ ಕೈಯಲ್ಲಿ ಎದ್ದು ಹೋಗಿದ್ದವು. ಹೋಗುವಾಗ ತಿರುಗಿ ನೋಡಿದ್ದು ಬಹಳ ಕಡಿಮೆ. ಮನೆಯವರ ದನಿ ಕೇಳಿದ್ದೇ ತಡ, ಬಾಗಿಲ ಕಡೆ ಓಟ. ಅದು ಸರಿಯೇ, ಹಾಗೇ ಆಗಬೇಕು, ಅದಕ್ಕೇ ಗುಣ ಮಾಡುವುದು ಅಂತ ಅವಳಿಗೆ ಗೊತ್ತಿತ್ತು. ಇವನೊಬ್ಬನ ವಿಷಯದಲ್ಲಿ ಮಾತ್ರ ಗೊತ್ತಿದ್ದದ್ದು ಕೆಲಸಕ್ಕೆ ಬರಲಿಲ್ಲ. ಅವನು ತನ್ನ ಹತ್ತಿರವೇ ಉಳಿಯಲಿ ಅನ್ನುವ ಆಸೆಗೆ ನೀರೆರೆದವಳು ಅಂಜನಾ. ಒಂದು ದಿನ ಫೋನು ಮಾಡಿ, "ಅತ್ತೆ ಇನ್ನು ಬೆಂಗಳೂರಿಗೆ ಬರೋದೇ ಡೌಟು ಡಾಕ್ಟ್ರೇ. ನಾಯಿಗೆ ಯಾರನ್ನಾದ್ರೂ ನೋಡ್ಬೇಕಾಗತ್ತೆ," ಅಂದಳಂತೆ. ಫೋನಿಟ್ಟ ಡಾಕ್ಟರು, "ಹಂಗೇನಾದ್ರೂ ಆದ್ರೆ ಬೇರೆ ಯಾರೂ ಯಾಕೆ, ನೀವೇ ಇದ್ದೀರಲ್ಲ ಅಂಕಮ್ಮ," ಅಂದಿದ್ದರು. ಸುಮ್ಮನೆ ಅಂದ ಮಾತು. ಅಂಕಮ್ಮ ಅದನ್ನು ಗಂಟು ಹಾಕಿ ಇಟ್ಟುಕೊಂಡಳು.

ಅದಾದ ಸ್ವಲ್ಪ ದಿನಕ್ಕೇ ಚಕ್ಲಿ ಕಾಲೆತ್ತಿದ್ದು. ಬೆಳಗ್ಗೆ, ಡಾಕ್ಟರು ಆಗತಾನೇ ಒಳಗೆ ಹೋಗಿದ್ದರು. ಕುಂಟುತ್ತಾ ಹೊರಗೆ ಬಂದವನು ಅವರ ಸ್ಕೂಟರಿನ ಹಿಂದಿನ ಟೈರನ್ನು ಚೆನ್ನಾಗಿ ಮೂಸಿ, ಬಲಗಾಲನ್ನು ನೆಲಕ್ಕೆ ಒತ್ತಿ ನಿಂತು, ಎಡಗಾಲನ್ನು ಆರಾಮಾಗಿ ಮೇಲೆತ್ತಿದ. ಒಂದು ಕ್ಷಣ ನಡುಗಿದ, ಆಮೇಲೆ ನಡುಗಲಿಲ್ಲ. ಅಂಕಮ್ಮನಿಗೆ ಬಾಯಿ ತುಂಬ "ಮೇಡಂ!" ಅಂತ ಬಂತು. ಅದನ್ನು ನುಂಗಿಕೊಂಡಳು. ಅತ್ತಿತ್ತ ನೋಡಿದಳು, ಒಳಗಿನಿಂದ ಒಂದು ಚೆಂಬು ನೀರು ತಂದು ಟೈರು ತೊಳೆದು, ನೆಲ ಒರೆಸುವ ಬಟ್ಟೆಯಿಂದ ಒರೆಸಿದಳು. ಅಲ್ಲಿಂದ ಅದೇ ದಿನಚರಿಯಾಯಿತು. ಚಕ್ಲಿಗೂ ಬೇರೆ ಟೈರು ಹಿಡಿಸಲಿಲ್ಲ. ಡಾಕ್ಟರು ದಿನಾ ಕೇಳುವರು, ಅಂಕಮ್ಮ ದಿನಾ ಇಲ್ಲ ಅನ್ನುವಳು. ಇನ್‌ಲ್ಯಾಂಡ್ ಪತ್ರ ಊಟದ ಡಬ್ಬಿಯ ಚೀಲದ ತಳದಲ್ಲಿ ಮಡಿಸಿದ ಹಾಗೇ ಮಲಗಿತ್ತು. ಒಂದು ಮೂಲೆಗೆ ಸಾರಿನ ಕಲೆಯೂ ಆಗಿತ್ತು.

ಮನೆಯಲ್ಲಿ ಮಗಳು ಮೈತ್ರಿಗೆ ವಾಸನೆ ಬಡಿಯದೆ ಇರಲಿಲ್ಲ. ಅವಳು ಮೆಟ್ರೋ ಸ್ಟೇಷನ್ನಿನ ಟಿಕೆಟ್ ಕೌಂಟರಿನಲ್ಲಿ ಕೂರುವವಳು, ಎದುರಿಗೆ ಬಂದವರ ಮುಖ ಓದುವುದೇ ಅವಳ ದಿನದ ಕೆಲಸ.

"ಏನಮ್ಮ, ಮೆಟ್ಲು ಕೆಳಗೆ ಗೋಣಿಚೀಲ ಹಾಸಿ ನೋಡ್ತಿದ್ದೀಯ?"

"ಸುಮ್ನೆ."

"ಸುಮ್ನೆ ಯಾರು ಗೋಣಿಚೀಲ ಹಾಸ್ತಾರೆ? ಓನರ್ ಆಂಟಿ ಹೇಳಿದ್ರು, ನಾಯಿ ಇಟ್ಕೋಬಹುದಾ ಅಂತ ಕೇಳಿದ್ಯಂತೆ."

"ಕಚ್ದಿದ್ರೆ ಸರಿ ಅಂದ್ರು."

"ಕಚ್ಚೋದು ಇರ್ಲಿ. ಆ ಅಜ್ಜಿ ಏನಂದ್ರು?"

ಅಂಕಮ್ಮ ಗೋಣಿಚೀಲ ಕೊಡವಿದಳು. "ಅವ್ರು ವಾಪಸ್ ಬರಾಕಿಲ್ವಂತೆ."

"ಅವರೇ ಅಂದ್ರಾ?"

"ಅವ್ರಣ್ಣನ ಮಗ್ಳು ಅಂದಿದ್ದು."

"ಪತ್ರ ಹಾಕಿದ್ಯಾ?"

"ಹಾಕ್ತೀನಿ."

"ಎಷ್ಟು ಕಷ್ಟಪಟ್ಟು ಕಲ್ತೆ ಬರೆಯೋದನ್ನ. ಒಂದ್ ಪತ್ರ ಬರೆಯೋಕೆ ಯುಗ ತಗೋತೀಯ," ಅಂತ ಮೈತ್ರಿ ನಕ್ಕು ಒಳಗೆ ಹೋದಳು. ಅಷ್ಟಕ್ಕೇ ಬಿಟ್ಟಳಲ್ಲ ಅಂತ ಅಂಕಮ್ಮನಿಗೆ ಸಮಾಧಾನವಾಯಿತು. ಒಳಗೆ ಹೋದ ಮೇಲೆ ಅದೇ ಮಾತು ಮುಳ್ಳಿನ ಹಾಗೆ ಚುಚ್ಚುತ್ತಲೂ ಇತ್ತು.

ಇವತ್ತು ಮುದ್ದೆಯ ಪಾತ್ರೆ ತೊಳೆದು ಅಂಕಮ್ಮ ಒಳಗೆ ಬರುವಷ್ಟರಲ್ಲಿ ಅಂಜನಾ ಬಂದಿದ್ದಳು. ಜಯನಗರದ ಬ್ಯಾಂಕಿಗೆ ಹೋಗುವ ದಾರಿಯಲ್ಲಿ, ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಒಂದು ಬಟ್ಟೆಯಂಗಡಿಯ ಚೀಲ. ಡಾಕ್ಟರ ಎದುರಿಗೆ ಕೂತಿದ್ದಳು, ಮುಖ ಬಾಡಿತ್ತು.

"ಅತ್ತೆ ಒಂದು ತೀರ್ಮಾನಕ್ಕೆ ಬಂದ್ಬಿಟ್ಟಿದ್ದಾರೆ ಡಾಕ್ಟ್ರೇ. ಚಕ್ಲಿ ಇಲ್ಲ ಅಂತ."

"ಇಲ್ಲ ಅಂದ್ರೆ?"

"ಸತ್ತ ಅಂತ. ಫೋಟೋ ತೋರಿಸ್ದೆ, ವಿಡಿಯೋ ತೋರಿಸ್ದೆ. 'ರಾಣೀದೂ ತೋರಿಸಿದ್ರಿ' ಅಂತಾರೆ. 'ಬದುಕಿದ್ರೆ ಆ ಹೆಣ್ಮಗಳು ಬರೀತಿದ್ಳು. ಸತ್ತಿದ್ದನ್ನ ಬರೆಯೋಕೆ ಅವಳಿಗೆ ಕೈ ಬಂದಿಲ್ಲ, ಪಾಪ' ಅಂತಾರೆ."

ಪಾಪ ಅನ್ನುವ ಮಾತು ಕೇಳಿ ಅಂಕಮ್ಮ ಬಾಗಿಲಲ್ಲೇ ನಿಂತಳು.

"ಮೊದಲು ಚೆನ್ನಾಗಿದ್ರು," ಅಂಜನಾ ಮುಂದುವರಿಸಿದಳು. "ವಾಕರ್ ಹಿಡ್ಕೊಂಡು ಬಾಗಿಲ ತನಕ ನಡೆಯೋರು. ಪೋಸ್ಟ್‌ಮ್ಯಾನ್ ಬರೋ ಹೊತ್ತಿಗೆ ಸರಿಯಾಗಿ ಜಗುಲೀಲಿ ಕೂತಿರೋರು. ಈಗ ಮಂಚ ಬಿಟ್ಟು ಏಳಲ್ಲ. ಫಿಸಿಯೋ ಹುಡುಗಿ ಬಂದ್ರೆ ಗೋಡೆ ಕಡೆ ತಿರುಗಿ ಮಲಗ್ತಾರೆ. ಹೀಗೇ ಮಲಗಿದ್ರೆ ಇನ್ನು ನಡೆಯೋ ಮಾತೇ ಇಲ್ಲ ಅಂದ್ರು ಅಲ್ಲಿನ ಡಾಕ್ಟ್ರು." ಚೀಲವನ್ನು ಎತ್ತಿ ಅಂಕಮ್ಮನ ಕಡೆ ಚಾಚಿದಳು. "ಇವನ ಸಾಮಾನು ಯಾರಿಗಾದ್ರೂ ಕೊಟ್ಬಿಡು ಅಂದ್ರು. ನಿಮ್ಮನ್ನ ಬಿಟ್ಟು ಇನ್ಯಾರಿಗೆ ಕೊಡ್ಲಿ ಅಂಕಮ್ಮ? ಹೆಂಗೂ ನಿಮ್ಮನ್ನೇ ಹಚ್ಕೊಂಡಿದ್ದಾನೆ. ನೀವೇ ಇಟ್ಕೊಳ್ಳಿ ಇವನನ್ನ. ಇಷ್ಟು ದಿನ ಆದ್ರೂ ಕಾಲೂರಿಲ್ಲ ಅಂದ್ಮೇಲೆ ಅತ್ತೆಗೆ ಇವನನ್ನ ನೋಡ್ಕೊಳ್ಳೋಕೂ ಆಗಲ್ಲ. ಅವರಿಗೂ ಸತ್ತ ಅಂತ ಮನಸ್ಸು ಗಟ್ಟಿಯಾಗಿದೆ. ಹಂಗೇ ಇರ್ಲಿ ಬಿಡಿ."

ಬೇಕಾದ್ದು ಕೈಗೇ ಬಂದು ಬಿದ್ದಿತ್ತು. ಕೇಳಲೂ ಇಲ್ಲ, ಕದಿಯಲೂ ಇಲ್ಲ. ಮೆಟ್ಟಿಲ ಕೆಳಗೆ ಗೋಣಿಚೀಲ ಹಾಸಿ ಆಗಿತ್ತು, ಓನರೂ ಒಪ್ಪಿಯಾಗಿತ್ತು.

ಅಂಕಮ್ಮ ಚೀಲದೊಳಗೆ ಕೈ ಹಾಕಿದಳು. ಚರ್ಮದ ಬೆಲ್ಟು, ಸರಪಣಿ, ಒಂದು ಸ್ಟೀಲ್ ತಟ್ಟೆ. ಮನೆಯವರ ಹೆಸರು ಕೊರೆಸುತ್ತಾರಲ್ಲ ಪಾತ್ರೆ ಅಂಗಡಿಯಲ್ಲಿ, ಹಾಗೆ ಅಂಚಿನಲ್ಲಿ ಚುಕ್ಕೆಚುಕ್ಕೆಯಾಗಿ ಅಕ್ಷರ ಕೊರೆಸಿದ್ದರು. ಅಂಕಮ್ಮ ತಟ್ಟೆಯನ್ನು ಬೆಳಕಿಗೆ ಓರೆ ಮಾಡಿ ಓದಿದಳು: ಚಕ್ಲಿ. ಗಿರಿಜಾದೇವಿಯವರ ಮನೆಯ ಪಾತ್ರೆಯ ಮೇಲೆ ಗಿರಿಜಾದೇವಿಯವರ ಹೆಸರಿಲ್ಲ, ನಾಯಿಯ ಹೆಸರಿದೆ. ಪಾತ್ರೆ ಅಂಗಡಿಯವನು ನಕ್ಕಿರುತ್ತಾನೆ. ನಕ್ಕರೆ ನಗಲಿ ಅಂತ ಅವರು ಕೊರೆಸಿಯೇ ಕೊರೆಸಿರುತ್ತಾರೆ. ಆ ಹೆಂಗಸು ಈಗ ಗೋಡೆ ಕಡೆ ತಿರುಗಿ ಮಲಗಿದ್ದಾರೆ. ಸೀರೆಯನ್ನು ಮೂಲೆಗೆ ತಳ್ಳಿದ ದಿನ ಇವನು ಹೇಗೆ ಮಲಗಿದ್ದನೋ, ಹಾಗೇ. ಅವತ್ತು ಅವನ ಪಕ್ಕದಲ್ಲಿ ತಾನು ಕೂತಿದ್ದಳು. ಅವರ ಪಕ್ಕದಲ್ಲಿ ಯಾರು ಕೂತಿದ್ದಾರೆ?

ಅಂಕಮ್ಮ ತಟ್ಟೆಯನ್ನು ಮೇಜಿನ ಮೇಲಿಟ್ಟು, ಮೂಲೆಯ ಗೂಡಿನ ಚಿಲಕ ತೆಗೆದು, ಬೆಲ್ಟು ಕಟ್ಟಿದಳು.

"ಸ್ವಲ್ಪ ಹೊರಗ್ ಬನ್ನಿ ಮೇಡಂ. ನೀವೂ ಬನ್ರಮ್ಮ."

"ಯಾಕೆ, ಏನಾಯ್ತು?"

"ಬನ್ನಿ, ನೋಡೋರಂತೆ."

ಭೀಮೇಶನೂ ಹತ್ತಿ ಹಿಡಿದುಕೊಂಡೇ ಬಂದ. ಚಕ್ಲಿ ಮೆಟ್ಟಿಲಿಳಿದು, ಇಷ್ಟು ಜನ ಯಾಕೆ ಬಂದರು ಅಂತ ಒಮ್ಮೆ ಎಲ್ಲರ ಮುಖ ನೋಡಿ, ತನ್ನ ಕೆಲಸಕ್ಕೆ ನಡೆದ. ಡಾಕ್ಟರ ಸ್ಕೂಟರು, ಹಿಂದಿನ ಟೈರು. ಮೂಸಿದ. ಬಲಗಾಲೂರಿದ. ಎಡಗಾಲೆತ್ತಿದ. ಸಾಕಷ್ಟು ಹೊತ್ತು ಮಾಡಿದ.

ಡಾಕ್ಟರು ಅವನ ಕಾಲು ನೋಡಿದರು, ಟೈರು ನೋಡಿದರು, ಅಂಕಮ್ಮನ ಮುಖ ನೋಡಿದರು.

"ಅದಕ್ಕೇನಾ! ಪಕ್ಕದ್ಮನೆ ಅಂಕಲ್ ಕೇಳ್ತಿದ್ರು, ಏನ್ ಡಾಕ್ಟ್ರೇ, ಗಾಡಿಗೆಲ್ಲ ಧೂಳು, ಹಿಂದಿನ ಟೈರ್ ಮಾತ್ರ ದಿನಾ ತೊಳೀತೀರಲ್ಲ ಅಂತ. ನಾನು ಅವರಿಗೆ ಕಣ್ಣು ಕಾಣಲ್ಲ ಅಂದ್ಕೊಂಡೆ!"

ಭೀಮೇಶ್ ಹತ್ತಿಯಲ್ಲಿ ಬಾಯಿ ಮುಚ್ಚಿಕೊಂಡ. ಅಂಜನಾಗೆ ಇನ್ನೂ ಅರ್ಥವಾಗಿರಲಿಲ್ಲ. "ಅಂದ್ರೆ ಇವನು ಹುಷಾರಾಗಿದ್ದಾನಾ?"

"ಆಗವ್ನೆ ಕಣಮ್ಮ. ಆಗಿ ಸುಮಾರು ದಿನ ಆಯ್ತು. ನಾನೇ ಹೇಳ್ಲಿಲ್ಲ."

ನಗುತ್ತಿದ್ದ ಡಾಕ್ಟರು ಬಗ್ಗಿ ಚಕ್ಲಿಯ ಬಲತೊಡೆಯನ್ನು ಒತ್ತಿ ನೋಡಿದರು. ಯಾಕೆ ಅಂತ ಕೇಳಲಿಲ್ಲ. ಆಮೇಲೆ, "ಸರಿ, ಡಿಸ್ಚಾರ್ಜ್ ಬರೀತೀನಿ," ಅಂತಷ್ಟೇ ಹೇಳಿ ಒಳಗೆ ನಡೆದರು. ಬಾಗಿಲಲ್ಲಿ ತಿರುಗಿ, "ನನ್ ಟೈರ್ ಮಾತ್ರ ಇವತ್ತೂ ತೊಳೀಬೇಕು ಅಂಕಮ್ಮ," ಅಂದರು.

"ನೀವು ಪತ್ರ ಬರ್ದು ಕೊಡಿ ಅಂಕಮ್ಮ, ಭಾನುವಾರ ನಾನೇ ತಗೊಂಡ್ ಹೋಗ್ತೀನಿ," ಅಂದಳು ಅಂಜನಾ.

"ಬೇಡಮ್ಮ. ನೀವು ಕೈಯಲ್ಲಿ ಕೊಟ್ರೆ ನೀವೇ ಬರೆಸಿದ್ದು ಅಂತಾರೆ. ಪೋಸ್ಟಲ್ಲೇ ಬರ್ಲಿ ಅಂದವ್ರೆ, ಸೀಲು ಬಿದ್ದು."

ಅಂಜನಾ, "ಹೌದು, ಹಂಗೇ ಅಂತಾರೆ," ಅಂತ ಒಪ್ಪಿದಳು.

ಮಧ್ಯಾಹ್ನ ಜನ ಕಡಿಮೆಯಾದಾಗ ಅಂಕಮ್ಮ ಕೈ ತೊಳೆದು, ಒರೆಸಿ, ಮುಂದಿನ ಬೆಂಚಿನ ಮೇಲೆ ಇನ್‌ಲ್ಯಾಂಡ್ ಪತ್ರ ಹರವಿ ಕೂತಳು. ಭೀಮೇಶ್ ಪೆನ್ನು ಕೊಟ್ಟು, "ನಾನು ಬರ್ಕೊಡ್ಲಾ ಅಕ್ಕ? ಎರಡೇ ನಿಮಿಷ," ಅಂದ.

"ಬೇಗ ಬರೆಯೋರ್ದು ಅವ್ರು ನಂಬಲ್ಲ. ನೀನು ಹೋಗಿ ಹುಂಜದ ಕಾಲು ತೊಳಿ."

ಒಂದೊಂದು ಸಾಲು ಬರೆದು, ತುಟಿ ಅಲ್ಲಾಡಿಸಿ ಓದಿಕೊಂಡು, ಮುಂದಿನ ಸಾಲಿಗೆ ಹೋದಳು.

"ಗಿರಿಜಾದೇವಿ ಅಮ್ಮನವರಿಗೆ ಅಂಕಮ್ಮ ಮಾಡುವ ನಮಸ್ಕಾರ. ನಿಮ್ಮ ಚಕ್ಲಿ ಬದುಕಿದ್ದಾನೆ. ಮುರಿದ ಕಾಲ ಮೇಲೆ ನಿಂತು ಚೆನ್ನಾಗಿರುವ ಕಾಲು ಎತ್ತುತ್ತಾನೆ. ಡಾಕ್ಟರು ಮನೆಗೆ ಹೋಗಬಹುದು ಅಂದರು. ಇದನ್ನು ಮುಂಚೆಯೇ ಬರೆಯಬೇಕಿತ್ತು. ಅವನು ನನ್ನ ಹತ್ತಿರ ಇರಲಿ ಅಂತ ಆಸೆಯಾಗಿ ಬರೆಯಲಿಲ್ಲ. ಈಗ ಬರೆದಿದ್ದೇನೆ.

ನೀವು ಕೊಟ್ಟ ಸೀರೆಯನ್ನು ನಾನು ತಿಳಿಯದೆ ಒಗೆದುಬಿಟ್ಟೆ. ಅದಕ್ಕೆ ಅವನು ನನ್ನ ಸೀರೆಯ ಮೇಲೆ ಮಲಗುತ್ತಾನೆ. ನೀವು ಉಟ್ಟು ಬಿಟ್ಟ ಸೀರೆ ಒಂದನ್ನು ಅಂಜನಮ್ಮನ ಕೈಯಲ್ಲಿ ಕಳಿಸಿ. ಒಗೆಯಬಾರದು. ಬೇರೆಯವರ ಕೈಗೆ ಕೊಟ್ಟರೆ ಒಗೆದುಬಿಡುತ್ತಾರೆ, ನೀವೇ ಚೀಲಕ್ಕೆ ಹಾಕಿ. ಅದರ ಮೇಲೆ ಅವನನ್ನು ಮಲಗಿಸಿ ಅಭ್ಯಾಸ ಮಾಡಿಸುತ್ತೇನೆ. ನೀವು ಬಂದಾಗ ಹೊಸಬರು ಅನ್ನಿಸಬಾರದು.

ಮೈಕೈ ತುಂಬಿಕೊಂಡಿದ್ದಾನೆ. ಏನು ತಿಂದು ಅಂತ ಬರೆಯುವುದಿಲ್ಲ, ನೀವು ಬೇಡ ಅಂದಿದ್ದೀರಿ.

ನೀವು ಮಲಗಬೇಡಿ, ನಡೆಯಿರಿ. ಇವನು ಬಹಳ ಎಳೆಯುತ್ತಾನೆ. ಹಿಡಿದುಕೊಳ್ಳಲು ನಿಮ್ಮ ಕಾಲಿನಲ್ಲಿ ಶಕ್ತಿ ಬೇಕು. ಅಂಕಮ್ಮ."

ಮಡಿಸಿ, ಅಂಟು ನೆಕ್ಕಿ, ಅಂಗೈಯಲ್ಲಿ ಒತ್ತಿ ಮುಚ್ಚಿದಳು. ಸಾರಿನ ಕಲೆ ಹೊರಗಡೆಗೇ ಬಂತು. ಇರಲಿ ಅಂದುಕೊಂಡಳು, ಅದನ್ನು ಈಗ ತೊಳೆಯಲು ಆಗುವುದಿಲ್ಲ. ಒಳಗೆ ಹೋದರೆ ಮೇಲಿನ ಗೂಡಿನ ಬಿಳಿ ಬೆಕ್ಕು ಇನ್ನೂ ಸಾಲ ಕೇಳಲು ಬಂದವಳನ್ನು ನೋಡುವ ಹಾಗೇ ನೋಡುತ್ತಿತ್ತು.

ಸಂಜೆ ಮನೆಗೆ ಹೊರಡುವ ಮುಂಚೆ ಚಕ್ಲಿಯನ್ನು ಹೊರಗೆ ಕರೆದುಕೊಂಡು ಹೋಗುವ ಹೊತ್ತಾಯಿತು. ದಿನಾ ಗೇಟಿನವರೆಗೆ ಹೋಗಿ ಬರುತ್ತಿದ್ದವರು ಇವತ್ತು ಇಳಿಜಾರಿನಲ್ಲಿ ಪೂರಾ ಕೆಳಗೆ, ಹೂವಿನವಳು ಕೂರುವ ತಿರುವಿನವರೆಗೆ ನಡೆದರು. ಅಲ್ಲಿ ಗೋಡೆಯ ಪಕ್ಕ ಕಂಬಕ್ಕೆ ಬಿಗಿದ ಕೆಂಪು ಅಂಚೆ ಡಬ್ಬ. ಚಕ್ಲಿ ಎಲ್ಲೂ ನಿಲ್ಲಲಿಲ್ಲ, ಕುಂಟು ಅಂತ ಗೊತ್ತಿರುವವರು ನೋಡಿದರೆ ಮಾತ್ರ ಕುಂಟು. ಎರಡು ಕಡೆ ಅವಳನ್ನೇ ಎಳೆದುಕೊಂಡು ಹೋದ. ಅಂಕಮ್ಮ ಸರಪಣಿಯನ್ನು ಮಣಿಕಟ್ಟಿಗೆ ಸುತ್ತಿಕೊಂಡಳು.

"ಈ ಡಬ್ಬದಿಂದ ಕಾಗ್ದ ತಗೋತಾರೇನವ್ವ ಈಗ್ಲೂ?" ಅಂತ ಹೂವಿನವಳನ್ನು ಕೇಳಿದಳು.

"ಓ, ದಿನಾ ಬರ್ತಾನಲ್ಲ ಸೈಕಲ್ಲಲ್ಲಿ. ಬೆಳಗ್ಗೆ ಒಂದ್ಸಲ. ಬೀಗ ತೆಗ್ದು, ಒಳಗ್ ಕೈ ಹಾಕಿ ನೋಡಿ ಹೋಗ್ತಾನೆ. ಇದ್ರೆ ತಗೊಂಡೋಯ್ತಾನೆ."

ಅಂಕಮ್ಮ ಪತ್ರ ತೆಗೆದು ವಿಳಾಸವನ್ನು ಇನ್ನೊಮ್ಮೆ ಓದಿದಳು. ಡಬ್ಬದ ಬಾಯಿಗೆ ತೂರಿಸಿ, ತುದಿ ಹಿಡಿದುಕೊಂಡಳು. ಆಮೇಲೆ ಬಿಟ್ಟಳು. ಒಳಗೆ, ಬರೀ ತಗಡಿನ ಮೇಲೆ, ಅದು ಬಿದ್ದ ಸದ್ದು ಕೇಳಿಸಿತು.

ಕೆಳಗೆ ಚಕ್ಲಿ ಕಂಬವನ್ನು ಸುತ್ತಲೂ ಮೂಸುತ್ತಿದ್ದ. ಬಲಗಾಲೂರಿ, ಎಡಗಾಲೆತ್ತಿ, ಕಂಬಕ್ಕೆ ಚೆನ್ನಾಗಿ ಹೊಯ್ದ.

"ಥೂ, ಅಂಚೆ ಡಬ್ಬಕ್ಕೇ!" ಅಂದಳು ಹೂವಿನವಳು. "ಒಂಚೂರು ನೀರಾದ್ರೂ ಹಾಕಕ್ಕ."

"ಇರ್ಲಿ ಬಿಡವ್ವ," ಅಂದಳು ಅಂಕಮ್ಮ. ಈ ಸಲ ಅವಳು ತೊಳೆಯಲಿಲ್ಲ.